ಆರೈಕೆಯ ಬಗ್ಗೆ ಕಲಾಕೃತಿ ಮಾಡುತ್ತಾರಂತೆ. ಆ ಹೊತ್ತಿನಲ್ಲಿ ಆರೈಕೆ ಮಾಡುವವರು ಯಾರು?

ಹಗಲುಪಾಳಿ
ಮರೆವಿನ ಕಾಯಿಲೆ ಇರುವ ಹಿರಿಯರ ಹಗಲು ಆರೈಕೆ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಕಲಾವಿದೆಯೊಬ್ಬರು ಬಂದು ಒಂದು ಪ್ರಸ್ತಾವ ಮುಂದಿಟ್ಟಿದ್ದಾರೆ. ಹಿರಿಯರು, ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರು, ನಮ್ಮಂಥ ಸಿಬ್ಬಂದಿ ಎಲ್ಲರೂ ಸೇರಿ ಒಂದು ದೊಡ್ಡ ಬಟ್ಟೆಯ ಮೇಲೆ ಕಸೂತಿ ಹಾಕಬೇಕು. ಹಾಕುವಾಗ ಆಡುವ ಮಾತುಗಳನ್ನು ಅವರು ಧ್ವನಿಮುದ್ರಿಸಿಕೊಳ್ಳುತ್ತಾರೆ. ಕೊನೆಗೆ ಬಟ್ಟೆ ಗ್ಯಾಲರಿಯಲ್ಲಿ ತೂಗುತ್ತದೆ, ಮಾತುಗಳು ಅದರ ಹಿಂದಿನಿಂದ ಕೇಳಿಸುತ್ತವೆ. ವಿಷಯ: ಪ್ರೀತಿ ಮತ್ತು ಆರೈಕೆ. ಕೂರುವ ಹೊತ್ತು: ಹಿರಿಯರಿಗೆ ಬೆಳಿಗ್ಗೆ, ಮನೆಯವರಿಗೆ ಕೇಂದ್ರ ಮುಚ್ಚಿದ ಮೇಲೆ ಸಂಜೆ.

ಕಲಾವಿದೆ ಒಳ್ಳೆಯವರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಂಡನನ್ನು ನೋಡಿಕೊಳ್ಳುತ್ತಿರುವ ಒಬ್ಬರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಸಂಜೆಯಾದರೆ ಇವರಿಗೆ ಗಾಬರಿ ಹೆಚ್ಚುತ್ತದೆ, ಬಾಗಿಲ ಬಳಿ ಹೋಗಿ ಚಿಲಕ ಎಳೆಯುತ್ತಾರೆ. ನಾನು ಇಲ್ಲಿ ಕುಳಿತು ಪ್ರೀತಿಯ ಬಗ್ಗೆ ಹೊಲಿಯುತ್ತಿದ್ದರೆ ಅಲ್ಲಿ ಅವರನ್ನು ಹಿಡಿದುಕೊಳ್ಳುವವರು ಯಾರು?"

ಇಂಥ ಯೋಜನೆಗಳನ್ನು ಕಂಡವರು, ಮಾಡಿದವರು ಇಲ್ಲಿದ್ದರೆ ಹೇಳಿ. ಒಪ್ಪಿಕೊಳ್ಳಬೇಕೇ? ಒಪ್ಪುವ ಮುಂಚೆ ಏನೇನು ಕೇಳಬೇಕು?

ಒಪ್ಪದವ
ಮೊದಲೇ ಹೇಳಿಬಿಡುತ್ತೇನೆ, ಇದು ಕಲೆಯಲ್ಲ. ಹಿರಿಯರ ಜೊತೆ ಕುಳಿತು ಕಸೂತಿ ಹಾಕುವುದು ಒಳ್ಳೆಯ ಕಾಲಕ್ಷೇಪ, ಮಾಡಿ. ಅದಕ್ಕೆ ಗ್ಯಾಲರಿ ಯಾಕೆ, ಉದ್ಘಾಟನೆ ಯಾಕೆ? ಅನುದಾನದ ಅರ್ಜಿಯಲ್ಲಿ 'ಸಮುದಾಯ' ಎಂದು ಬರೆದರೆ ಹಣ ಬೇಗ ಸಿಗುತ್ತದೆ, ಅಷ್ಟೇ.

ಗೋಡೆಬರಹ
'ಅಷ್ಟೇ' ಎಂದು ಕೈತೊಳೆದುಕೊಳ್ಳುವಂಥ ವಿಷಯವಲ್ಲ ಇದು. ಮೀರ್ಲ್ ಲೇಡರ್‌ಮನ್ ಯುಕೆಲೀಸ್ ಎಂಬ ಅಮೆರಿಕದ ಕಲಾವಿದೆ 1969ರಲ್ಲೇ, ಕೈಯಲ್ಲಿ ಎಳೆಯ ಮಗು ಇದ್ದಾಗ, ಒಂದು ಪ್ರಣಾಳಿಕೆ ಬರೆದರು. ಗುಡಿಸುವುದು, ಒರೆಸುವುದು, ಅಡುಗೆ, ಮಗುವಿನ ಬಟ್ಟೆ ಬದಲಿಸುವುದು ಇವೆಲ್ಲ ದಿನವೂ ಮಾಡುತ್ತಲೇ ಇದ್ದೇನೆ, ಇನ್ನು ಇದನ್ನೇ ಕಲೆಯೆಂದು ತೋರಿಸುತ್ತೇನೆ ಎಂಬುದು ಅದರ ತಿರುಳು. 1973ರಲ್ಲಿ ಹಾರ್ಟ್‌ಫರ್ಡ್ ನಗರದ ಸಂಗ್ರಹಾಲಯದ ಮೆಟ್ಟಿಲುಗಳನ್ನು ಬಗ್ಗಿ ಕುಳಿತು ತೊಳೆದರು. 1977ರಿಂದ ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯಲ್ಲಿ ಸಂಬಳವಿಲ್ಲದ ನಿವಾಸಿ ಕಲಾವಿದೆ, ಅಂದರೆ ಇಲಾಖೆಯೊಳಗೇ ಇದ್ದುಕೊಂಡು ಕಲೆ ಮಾಡುವವರು. 1979-80ರಲ್ಲಿ ಇಲಾಖೆಯ ಸುಮಾರು 8,500 ಕಾರ್ಮಿಕರ ಬಳಿಗೆ ಹೋಗಿ ಒಬ್ಬೊಬ್ಬರ ಕೈ ಕುಲುಕಿ, ನಗರವನ್ನು ಬದುಕಿಸಿ ಇಟ್ಟಿರುವುದಕ್ಕೆ ಕೃತಜ್ಞತೆ ಹೇಳಿದರು. ಇದಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ಪಾಳಿ ಬದಲಾಗುವ ಹೊತ್ತಿಗೆ ಕಾದು ನಿಲ್ಲಬೇಕಿತ್ತು.

ಒಪ್ಪದವ
ಕೈ ಕುಲುಕಿದ್ದಕ್ಕೆ ಅವರ ಸಂಬಳ ಹೆಚ್ಚಿತೇ?

ಗೋಡೆಬರಹ
ಸಂಬಳ ಹೆಚ್ಚಿಸುವುದು ಕಾರ್ಮಿಕ ಸಂಘದ ಕೆಲಸ, ಅದನ್ನು ಕಲಾವಿದೆಯ ತಲೆಗೆ ಯಾಕೆ ಕಟ್ಟುತ್ತೀರಿ? ಆ ಕಾರ್ಮಿಕರನ್ನು ಜನ ಬೀದಿಯಲ್ಲಿ ಏನೇನು ಅನ್ನುತ್ತಾರೆಂದು ಅವರು ಕೇಳಿ ಕೇಳಿ ಬರೆದಿಟ್ಟುಕೊಂಡಿದ್ದರು. 1984ರ ಪ್ರದರ್ಶನದಲ್ಲಿ ಆ ಬೈಗುಳಗಳನ್ನು ಗಾಜಿನ ಮೇಲೆ ಬರೆಸಿ, ಬಂದವರ ಕೈಯಲ್ಲೇ ಒರೆಸಿ ತೊಳೆಸಿದರು. ಬೈದವರ ಸಾಲಿನಲ್ಲಿ ಇರುವವರೇ ಅದನ್ನು ಉಜ್ಜಬೇಕಾಯಿತು. ಇದನ್ನು ಸಮಾಜಸೇವೆ ಎನ್ನುತ್ತೀರೋ? ಸಮಾಜಸೇವಕರಿಗೆ ಇದು ಹೊಳೆಯುತ್ತಿರಲಿಲ್ಲ.

ಬಣ್ಣದಡಬ್ಬಿ
ನಾನು ಇಂಥ ಕೆಲಸ ಮಾಡುವವಳು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಹಗಲುಪಾಳಿ ಅವರೇ, ನೀವು ಮೊದಲು ಕೇಳಬೇಕಾದ್ದು ಒಪ್ಪಿಗೆಯ ಬಗ್ಗೆ. ಮರೆವು ಇರುವವರ ವಿಷಯದಲ್ಲಿ ಮನೆಯವರು ಒಂದು ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಮುಗಿಯುವುದಿಲ್ಲ. ಪ್ರತಿ ದಿನ, ಪ್ರತಿ ಸಲ ಕೇಳಬೇಕು. ಬಾಯಲ್ಲಿ ಉತ್ತರ ಬಾರದಿದ್ದರೆ ಕೈ ನೋಡಬೇಕು. ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರೆ ಸರಿ, ದೂರ ತಳ್ಳಿದರೆ ಬೇಡ. ಮೊನ್ನೆ ಸಂತೋಷದಿಂದ ಕುಳಿತಿದ್ದರು ಎಂಬ ಕಾರಣಕ್ಕೆ ಇವತ್ತು ಕೂರಿಸುವಂತಿಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ ಒಬ್ಬ ಅಜ್ಜಿ ಇದ್ದರು. ಎಲ್ಲರೂ ಹೊಲಿಗೆ ಹಾಕುತ್ತಿದ್ದರೆ ಅವರು ಬಿಚ್ಚುತ್ತಿದ್ದರು. ಉಗುರಿನ ತುದಿಯಿಂದ ದಾರವನ್ನು ಮೇಲೆತ್ತಿ, ಎಳೆದು, ನೆಟ್ಟಗೆ ಮಾಡಿ, ಬೆರಳಿಗೆ ಸುತ್ತಿಕೊಂಡು, ಸೀರೆಯ ಮಡಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ನಮ್ಮ ತಂಡದ ಒಬ್ಬರು ಬಟ್ಟೆಯನ್ನು ಅವರಿಂದ ಮೆಲ್ಲಗೆ ದೂರ ಸರಿಸಿದರು. ಸಿಬ್ಬಂದಿಯೊಬ್ಬರು ಅದನ್ನು ಹಾಗೆಯೇ ಹಿಂದಕ್ಕೆ ಸರಿಸಿ, "ಅವರು ದರ್ಜಿ ಕೆಲಸ ಮಾಡುತ್ತಿದ್ದವರು, ಓರೆಯಾದ ಹೊಲಿಗೆ ಬಿಡುವುದಿಲ್ಲ" ಎಂದರು. ನೋಡಿದರೆ ನಿಜ, ನೇರವಾಗಿದ್ದ ಹೊಲಿಗೆಯನ್ನು ಅವರು ಮುಟ್ಟಿರಲೇ ಇಲ್ಲ. ಕೊನೆಗೆ ಆ ಬಟ್ಟೆಯ ಒಂದು ಮೂಲೆಯಲ್ಲಿ ಬರೀ ಸೂಜಿಯ ತೂತುಗಳಿದ್ದವು, ಅದನ್ನು ಹಾಗೆಯೇ ಪ್ರದರ್ಶಿಸಿದೆವು. ನನ್ನ ಮಟ್ಟಿಗೆ ಇಡೀ ಕೃತಿಯಲ್ಲಿ ನೋಡುವಂಥದ್ದು ಅದೊಂದೇ ಮೂಲೆ.

ನೂಲುಂಡೆ
ಕಲೆಯ ಚರ್ಚೆ ನಡೆಯಲಿ, ನಡುವೆ ಒಂದು ಮಾತು. ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ ತರಿಸಿ. ಬಟ್ಟೆ ಸಡಿಲ ನೇಯ್ಗೆಯದಾಗಿರಲಿ, ಇಲ್ಲದಿದ್ದರೆ ಮೊಂಡು ಸೂಜಿ ಒಳಗೆ ಹೋಗುವುದಿಲ್ಲ. ಶುರುವಾಗುವ ಮುಂಚೆ ಸೂಜಿ ಎಣಿಸಿ, ಮುಗಿದ ಮೇಲೂ ಎಣಿಸಿ. ಲೆಕ್ಕ ಸರಿಹೋಗುವವರೆಗೆ ಯಾರೂ ಮೇಲೇಳಬಾರದು.

ಹಗಲುಪಾಳಿ
ನೂಲುಂಡೆ ಅವರೇ, ಸೂಜಿ ಎಣಿಸುವ ವಿಷಯ ಪ್ರಸ್ತಾವದಲ್ಲಿ ಎಲ್ಲೂ ಇಲ್ಲ. ಬರೆದುಕೊಂಡೆ.

ಕರಡುಪ್ರತಿ
ವಕೀಲಿ ಮಾತು, ಬೇಸರವಾದರೂ ಓದಿ. ಬಟ್ಟೆ ಯಾರದು, ಧ್ವನಿ ಯಾರದು ಎಂಬುದನ್ನು ಮೊದಲೇ ಬರೆದುಕೊಳ್ಳದಿದ್ದರೆ ಆಮೇಲೆ ಜಗಳ ಖಚಿತ. 1928ರ ರೋಮ್ ಪರಿಷ್ಕರಣೆಯಲ್ಲಿ ಬರ್ನ್ ಒಪ್ಪಂದಕ್ಕೆ (ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದ) ಒಂದು ವಿಧಿ ಸೇರಿತು: ಆರ್ಥಿಕ ಹಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕು ಕರ್ತೃವಿಗೆ ಉಳಿಯುತ್ತವೆ. ಪ್ರಶ್ನೆ ಇರುವುದು 'ಕರ್ತೃ' ಯಾರು ಎಂಬಲ್ಲಿ. ಕಲಾವಿದೆಯ ಹೆಸರು ಮಾತ್ರ ಇದ್ದು, ಉಳಿದವರೆಲ್ಲ 'ಸಮುದಾಯದ ಸಹಕಾರದೊಂದಿಗೆ' ಎಂಬ ಒಂದೇ ಸಾಲಿನಲ್ಲಿ ಕರಗಿಹೋದರೆ ಆ ಹಕ್ಕು ನಿಮ್ಮವರಿಗೆ ಇದೆಯೆಂದು ಸಾಧಿಸುವುದು ಕಷ್ಟ.

ಕೇಳಿ: ಬಟ್ಟೆ ಮಾರಾಟವಾದರೆ ಹಣ ಯಾರಿಗೆ? ಮಾರಾಟವಾಗದಿದ್ದರೆ ಅದು ಎಲ್ಲಿರುತ್ತದೆ? ಧ್ವನಿಯನ್ನು ಇನ್ನೊಂದು ಪ್ರದರ್ಶನದಲ್ಲಿ ಬಳಸಬಹುದೇ? ಯಾರಾದರೂ ತೀರಿಕೊಂಡ ಮೇಲೆ ಅವರ ಮನೆಯವರು "ತೆಗೆಯಿರಿ" ಎಂದರೆ ತೆಗೆಯುತ್ತಾರೋ?

ದೂರದರ್ಶಕ
ವಕೀಲರು ಬಂದರು, ಪ್ರೀತಿ ಮುಗಿಯಿತು.

ಕರಡುಪ್ರತಿ
ಪ್ರೀತಿಸುವವರು ಸಹಿ ಹಾಕಲು ಹೆದರಬೇಕಿಲ್ಲ.

ಕಿಟಕಿಪಕ್ಕ
ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬಟ್ಟೆ, ಪ್ರೀತಿ, ಆರೈಕೆ ಮೂರೂ ಸೇರಿದ ಕೃತಿಗಳಲ್ಲಿ ದೊಡ್ಡದು ಏಡ್ಸ್ ಸ್ಮಾರಕ ಹೊದಿಕೆ. 1985ರ ಸ್ಯಾನ್ ಫ್ರಾನ್ಸಿಸ್ಕೋದ ಮೆರವಣಿಗೆಯೊಂದರಲ್ಲಿ ಕ್ಲೀವ್ ಜೋನ್ಸ್ ಎಂಬ ಹೋರಾಟಗಾರ, ಏಡ್ಸ್‌ನಿಂದ ಸತ್ತವರ ಹೆಸರುಗಳನ್ನು ಫಲಕಗಳ ಮೇಲೆ ಬರೆಸಿ ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಆ ಗೋಡೆ ತುಂಡು ಬಟ್ಟೆಗಳನ್ನು ಜೋಡಿಸಿದ ಹೊದಿಕೆಯಂತೆ ಕಂಡಿತು. ಮುಂದೆ ಒಂದೊಂದು ಹೆಸರಿಗೆ ಮೂರು ಅಡಿ ಅಗಲ, ಆರು ಅಡಿ ಉದ್ದದ ಬಟ್ಟೆ, ಒಂದು ಸಮಾಧಿಯಷ್ಟು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು, ಈಗ ಸುಮಾರು 50,000.

ಒಂದೊಂದನ್ನೂ ಹೊಲಿದವರು ಸತ್ತವರ ಸಂಗಾತಿಗಳು, ತಾಯಂದಿರು, ಗೆಳೆಯರು. ಅದರ ಮೇಲೆ ಏನಿರಬೇಕೆಂದು ತೀರ್ಮಾನಿಸಿದವರೂ ಅವರೇ. ಹಳೆಯ ಅಂಗಿ, ಫೋಟೋ, ಗೊಂಬೆ, ಏನು ಬೇಕೋ ಅದು. ಅಳತೆಯೊಂದನ್ನು ಬಿಟ್ಟು ಮೇಲಿನವರ ಕಟ್ಟುಪಾಡು ಕಡಿಮೆ. ನಿಮ್ಮ ಕಲಾವಿದೆಯನ್ನು ಕೇಳಿ: ವಿನ್ಯಾಸ ಅವರು ತರುತ್ತಾರೋ, ಕುಳಿತವರು ತೀರ್ಮಾನಿಸುತ್ತಾರೋ?

ಮೂರನೆಸಾಲು
ಎಲ್ಲರೂ ಒಳ್ಳೆಯತನದ ಕಡೆಗೇ ಜಾರುತ್ತಿದ್ದೀರಿ. 2006ರಲ್ಲಿ ಕಲಾ ವಿಮರ್ಶಕಿ ಕ್ಲೇರ್ ಬಿಷಪ್ ಆರ್ಟ್‌ಫೋರಂ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪ ಇದೇ. ಇಂಥ ಕೃತಿಗಳನ್ನು ಜನ ಅಳೆಯುವುದು ಕಲಾವಿದರು ಎಷ್ಟು ಸಜ್ಜನರು, ಎಷ್ಟು ಸಮಾನವಾಗಿ ನಡೆದುಕೊಂಡರು ಎಂಬುದರಿಂದ. ಕೃತಿ ನಮ್ಮನ್ನು ಅಲುಗಿಸಿತೇ, ಏನಾದರೂ ಹೊಸದನ್ನು ಕಾಣಿಸಿತೇ ಎಂದು ಕೇಳುವವರಿಲ್ಲ. 'ಎಲ್ಲರೂ ಸೇರಿ ಮಾಡಿದ್ದು' ಎಂದ ಕೂಡಲೇ ವಿಮರ್ಶೆ ಬಾಯಿ ಮುಚ್ಚಿಕೊಳ್ಳುತ್ತದೆ. ಪೆದ್ದು ಬಟ್ಟೆಯನ್ನು ನೂರು ಜನ ಹೊಲಿದರೂ ಅದು ಪೆದ್ದು ಬಟ್ಟೆಯೇ.

ಒಪ್ಪದವ
ಕೊನೆಗೂ ಒಬ್ಬರು ಸಿಕ್ಕರು.

ಮೂರನೆಸಾಲು
ಒಪ್ಪದವ ಅವರೇ, ನಾನು ನಿಮ್ಮ ಕಡೆಯವನಲ್ಲ. ನೀವು ಇದು ಕಲೆಯೇ ಅಲ್ಲ ಎನ್ನುತ್ತೀರಿ. ಕಲೆಯಾದ್ದರಿಂದಲೇ ಚೆನ್ನಾಗಿರಬೇಕು ಎಂಬುದು ನನ್ನ ಮಾತು.

ಗೋಡೆಬರಹ
ಆ ವಾದವನ್ನು ತುದಿಯವರೆಗೆ ಎಳೆದರೆ ಎಲ್ಲಿಗೆ ಹೋಗುತ್ತದೆ ಗೊತ್ತೇ? ಸ್ಯಾಂಟಿಯಾಗೊ ಸಿಯೆರ್ರಾ ಎಂಬ ಕಲಾವಿದ 2000ದಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಮಾದಕವ್ಯಸನದಲ್ಲಿದ್ದ ನಾಲ್ವರು ಲೈಂಗಿಕ ವೃತ್ತಿಯ ಹೆಂಗಸರಿಗೆ ಒಂದು ಸಲದ ಹೆರಾಯಿನ್ ಬೆಲೆ ಕೊಟ್ಟು, ಅವರ ಬೆನ್ನುಗಳ ಮೇಲೆ 160 ಸೆಂಟಿಮೀಟರ್ ಉದ್ದದ ಗೆರೆಯೊಂದನ್ನು ಹಚ್ಚೆ ಹಾಕಿಸಿದ. ಅಲುಗಿಸುತ್ತದೆ, ನಿಜ. ಆ ಗೆರೆ ತಾನಾಗಿ ಅಳಿಸಿಹೋಗುವಂಥದ್ದಲ್ಲ.

ಮೂರನೆಸಾಲು
ಅದನ್ನು ಮೆಚ್ಚಬೇಕೆಂದು ನಾನು ಹೇಳಲಿಲ್ಲ. ಆದರೆ ಆ ಕೃತಿ ಸುಳ್ಳು ಹೇಳುವುದಿಲ್ಲ: ಹಣ ಕೊಟ್ಟೆ, ಬೆನ್ನು ಕೊಂಡೆ ಎಂದು ಎಲ್ಲರ ಎದುರು ಹೇಳುತ್ತದೆ. 'ನಾವೆಲ್ಲ ಸಮಾನರು' ಎನ್ನುತ್ತಾ ಹೆಸರು, ಹಣ, ಮುಂದಿನ ಆಹ್ವಾನ ಎಲ್ಲವನ್ನೂ ಒಬ್ಬರೇ ಜೇಬಿಗಿಳಿಸುವ ಯೋಜನೆಗಳು ಅದಕ್ಕಿಂತ ಹೇಗೆ ಮೇಲು?

ಬಣ್ಣದಡಬ್ಬಿ
ಎರಡೂ ಮೇಲಲ್ಲ! ಮೂರನೆಯ ದಾರಿಯೇ ಇಲ್ಲವೆಂಬಂತೆ ಯಾಕೆ ಜಗಳ? ಕಲಾವಿದೆ ನವಜೋತ್ ಅಲ್ತಾಫ್ ಅವರನ್ನು ನೋಡಿ. 1990ರ ದಶಕದ ಕೊನೆಯಿಂದ ಬಸ್ತಾರಿನ ಕೊಂಡಗಾಂವ್‌ನಲ್ಲಿ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ಕೆಲಸ ಮಾಡಿದ್ದಾರೆ. ನೀರಿನ ಕೈಪಂಪು ಇರುವ ಜಾಗಗಳನ್ನು ಹೊಸದಾಗಿ ಕಟ್ಟಿದರು, ಅದಕ್ಕೆ ನಲ್ಪಾರ್ ಎಂದು ಹೆಸರು. ಅಲ್ಲಿ ಕೊಡವನ್ನು ನೆಲದಿಂದ ಒಂದೇ ಏಟಿಗೆ ತಲೆಗೆ ಎತ್ತಬೇಕಿಲ್ಲ. ನಡುವಿನ ಎತ್ತರದಲ್ಲಿ ಒಂದು ಕಟ್ಟೆ ಇದೆ, ಅದರ ಮೇಲಿಟ್ಟು ಉಸಿರು ತೆಗೆದುಕೊಂಡು ಅಲ್ಲಿಂದ ತಲೆಗೇರಿಸಬಹುದು. ಚೆಲ್ಲಿದ ನೀರು ನಿಂತು ಕೆಸರಾಗದಂತೆ ಹರಿದುಹೋಗುವ ವ್ಯವಸ್ಥೆ ಇದೆ. ನೋಡಲು ಶಿಲ್ಪವೂ ಹೌದು. ಮೂರನೆಸಾಲು ಅವರು ಕೇಳುವ ಚೆಲುವು, ಹಗಲುಪಾಳಿಯವರ ಕೇಂದ್ರದ ಆ ಹೆಂಗಸು ಕೇಳಿದ ಪ್ರಶ್ನೆ, ಎರಡಕ್ಕೂ ಒಂದೇ ಕಟ್ಟೆಯಲ್ಲಿ ಉತ್ತರವಿದೆ. ನೀರು ಹೊರುವವರ ಸೊಂಟ, ಕುತ್ತಿಗೆ ಗೊತ್ತಿಲ್ಲದವರಿಗೆ ಆ ಎತ್ತರ ಎಷ್ಟಿರಬೇಕೆಂದು ತಿಳಿಯುವುದಿಲ್ಲ.

ಮೂರನೆಸಾಲು
ಇದನ್ನು ಒಪ್ಪುತ್ತೇನೆ. ಒಳ್ಳೆಯ ಉದಾಹರಣೆ.

ದೂರದರ್ಶಕ
ಈ ವೇದಿಕೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಒಪ್ಪಿದ್ದನ್ನು ನೋಡಿ ಗಾಬರಿಯಾಯಿತು.

ಹಳೇಖಾತೆ
ಇಂಥ ಕೆಲಸದಲ್ಲಿ ನನ್ನ ಕಣ್ಣು ಹೋಗುವುದು ಕಲಾವಿದ ಹೋದ ಮೇಲೆ ಏನು ಉಳಿಯುತ್ತದೆ ಎಂಬುದರ ಕಡೆಗೆ. ರಿಕ್ ಲೋ ಎಂಬ ಚಿತ್ರಕಾರ ಹ್ಯೂಸ್ಟನ್ನಿನಲ್ಲಿ ಬಡವರ ಕಷ್ಟಗಳನ್ನು ಚಿತ್ರಿಸುತ್ತಿದ್ದರು. ಅವರ ಸ್ಟುಡಿಯೋ ನೋಡಲು ಬಂದ ಶಾಲಾ ಹುಡುಗನೊಬ್ಬ, ನಮ್ಮ ಕಷ್ಟ ನಮಗೆ ಗೊತ್ತು, ನೀವು ಕಲಾವಿದರಾದರೆ ಪರಿಹಾರವನ್ನೇ ಯಾಕೆ ಸೃಷ್ಟಿಸಬಾರದು ಎಂಬರ್ಥದಲ್ಲಿ ಕೇಳಿದನಂತೆ. ಲೋ ಅವರೇ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. 1993ರಲ್ಲಿ ಇನ್ನೂ ಕೆಲವರೊಂದಿಗೆ ಸೇರಿ, ಪಾಳು ಬಿದ್ದಿದ್ದ 22 ಸಣ್ಣ ಮನೆಗಳನ್ನು ಹಿಡಿದು ಪ್ರಾಜೆಕ್ಟ್ ರೋ ಹೌಸಸ್ ಆರಂಭಿಸಿದರು. ಕೆಲವು ಮನೆಗಳಲ್ಲಿ ಕಲೆ, ಕೆಲವುಗಳಲ್ಲಿ ಓದುತ್ತಿರುವ ಒಂಟಿ ತಾಯಂದಿರಿಗೆ ವಾಸ. ಇವತ್ತಿಗೂ ನಡೆಯುತ್ತಿದೆ.

ಲಿವರ್‌ಪೂಲ್‌ನ ಗ್ರ್ಯಾನ್‌ಬಿ ಬೀದಿಗಳನ್ನೂ ಸೇರಿಸಿ. ಅಸೆಂಬಲ್ ಎಂಬ ತಂಡ ಹೋಗಿ ಆ ಬೀದಿಗಳನ್ನು ಉಳಿಸಿತು, 2015ರ ಟರ್ನರ್ ಕಲಾ ಪ್ರಶಸ್ತಿ ಅದಕ್ಕೇ ಬಂತು.

ಕಿಟಕಿಪಕ್ಕ
ತಿದ್ದುಪಡಿ. ಅಸೆಂಬಲ್‌ಗೆ ಪ್ರಶಸ್ತಿ ಬಂದದ್ದು ನಿಜ, ಬೀದಿಯನ್ನು ಉಳಿಸಿದ್ದು ಅಲ್ಲಿನ ನಿವಾಸಿಗಳು. ಮನೆಗಳನ್ನು ಕೆಡವುತ್ತಾರೆ ಎನ್ನುವ ಕಾಲದಲ್ಲೇ ಅವರು ಖಾಲಿ ಮನೆಗಳ ಮುಚ್ಚಿದ ಕಿಟಕಿಗಳಿಗೆ ಬಣ್ಣ ಬಳಿದರು, ಬೀದಿಯಲ್ಲೇ ಗಿಡ ಬೆಳೆಸಿದರು, ಸಂತೆ ನಡೆಸಿದರು. 2011ರಲ್ಲಿ, ಜಾಗ ಎಲ್ಲರ ಕೈಯಲ್ಲಿ ಉಳಿಯಲೆಂದು, ಸಮುದಾಯ ಭೂ ಟ್ರಸ್ಟ್ ಕಟ್ಟಿಕೊಂಡರು. ಅಸೆಂಬಲ್ ಆಮೇಲೆ ಬಂದದ್ದು. ವರ್ಷಗಟ್ಟಲೆ ಗಿಡಕ್ಕೆ ನೀರು ಹಾಕಿದವರ ಹೆಸರು ಸುದ್ದಿಯಲ್ಲಿ ಎರಡನೆಯ ಪ್ಯಾರಾಕ್ಕೆ ಇಳಿಯುತ್ತದೆ. ನಾವು ಇಲ್ಲಿ ಮಾತನಾಡುತ್ತಿರುವುದೇ ಇದನ್ನಲ್ಲವೇ?

ಹಳೇಖಾತೆ
ಸರಿ. ಹಾಗೆ ಹೇಳುವುದೇ ನ್ಯಾಯ.

ಒಪ್ಪದವ
ಮನೆ ಕಟ್ಟಿದರೆ ಅದು ಮನೆ, ಪಂಪು ಕಟ್ಟಿದರೆ ಪಂಪು. ಇಂಜಿನಿಯರ್ ಮಾಡಿದರೆ ಯಾರೂ ಪ್ರಶಸ್ತಿ ಕೊಡುವುದಿಲ್ಲ. ನನ್ನ ತಕರಾರು ಇನ್ನೂ ಹಾಗೆಯೇ ಇದೆ.

ಗೋಡೆಬರಹ
ಜ್ಯೂರಿಕ್ಕಿನಲ್ಲಿ 1994ರಲ್ಲಿ ವೊಖೆನ್‌ಕ್ಲಾವ್ಸುರ್ ಎಂಬ ಆಸ್ಟ್ರಿಯಾದ ಕಲಾ ತಂಡ ಮಾಡಿದ್ದನ್ನು ಕೇಳಿ, ಇಂಜಿನಿಯರ್ ಮಾಡುತ್ತಿದ್ದರೋ ಹೇಳಿ. ಮಾದಕವ್ಯಸನದಲ್ಲಿದ್ದು ಬೀದಿಯಲ್ಲಿ ಲೈಂಗಿಕ ವೃತ್ತಿ ಮಾಡುವ ಹೆಂಗಸರಿಗೆ ಹಗಲು ಮಲಗಲು ಸುರಕ್ಷಿತ ಜಾಗವಿರಲಿಲ್ಲ. ತಂಡದವರು ರಾಜಕಾರಣಿಗಳು, ಪತ್ರಕರ್ತರು, ಕಾರ್ಯಕರ್ತರು, ಆ ವೃತ್ತಿಯ ಹೆಂಗಸರನ್ನು ಸಣ್ಣ ಸಣ್ಣ ಗುಂಪಾಗಿ ಒಂದು ದೋಣಿಯಲ್ಲಿ ಕೂರಿಸಿ ಸರೋವರದ ನಡುವೆ ಕರೆದೊಯ್ದರು. ನಡುನೀರಿನಲ್ಲಿ ಯಾರೂ ಎದ್ದು ಹೋಗುವಂತಿಲ್ಲ, ಭಾಷಣಕ್ಕೆ ಸಭಿಕರೂ ಇಲ್ಲ. ಸಾರ್ವಜನಿಕವಾಗಿ ಒಬ್ಬರನ್ನೊಬ್ಬರು ಹಳಿಯುತ್ತಿದ್ದವರು ಅಲ್ಲಿ ಮಾತನಾಡಿದರು. ಫಲವಾಗಿ ಆ ಹೆಂಗಸರಿಗಾಗಿ ಒಂದು ವಸತಿಗೃಹ ತೆರೆಯಿತು. ಕೃತಿ ಯಾವುದು? ನನ್ನ ಪ್ರಕಾರ ವಸತಿಗೃಹಕ್ಕಿಂತ ಹೆಚ್ಚಾಗಿ ಆ ದೋಣಿ.

ಒಪ್ಪದವ
ದೋಣಿಯ ಯೋಚನೆ ಚೆನ್ನಾಗಿದೆ. ಅಷ್ಟು ಕೊಡುತ್ತೇನೆ, ಹೆಚ್ಚು ಕೇಳಬೇಡಿ.

ಮಧ್ಯರಾತ್ರಿ
ತಡವಾಗಿ ಓದುತ್ತಿದ್ದೇನೆ, ಅಮ್ಮ ಈಗಷ್ಟೇ ಮಲಗಿದರು. ಇಡೀ ದಿನ ಅವರ ಜೊತೆಗಿರುವವಳು ನಾನು. ನಮ್ಮಂಥವರನ್ನು ಯಾರಾದರೂ "ನಿಮ್ಮ ಪ್ರೀತಿಯ ಬಗ್ಗೆ ಹೇಳಿ" ಎಂದು ಮೈಕ್ ಹಿಡಿದರೆ ನಾವು ಏನು ಹೇಳುತ್ತೇವೆ? ಚೆಂದದ್ದನ್ನೇ ಹೇಳುತ್ತೇವೆ. ರಾತ್ರಿ ಹಾಸಿಗೆ ಒದ್ದೆಯಾದಾಗ ಬಾಯಿಂದ ಹೊರಟ ಮಾತನ್ನು ಯಾರೂ ಮೈಕಿಗೆ ಹೇಳುವುದಿಲ್ಲ. ಗ್ಯಾಲರಿಗೆ ಬಂದವರು ಚೆಂದದ್ದನ್ನು ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಾರೆ, 'ಎಂಥ ತ್ಯಾಗ' ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಿಟ್ಟನ್ನೂ ಹೊಲಿಯಲು ಬಿಡುತ್ತಾರೆಯೇ ಎಂದು ಕೇಳಿ. ಬಿಡುವುದಾದರೆ ನಾನಾಗಿದ್ದರೆ ಬರುತ್ತಿದ್ದೆ.

ಕಿಟಕಿಪಕ್ಕ
ಮಧ್ಯರಾತ್ರಿ ಅವರೇ, ಸೂಝನ್ ಲೇಸಿ ಎಂಬ ಅಮೆರಿಕದ ಕಲಾವಿದೆ 1987ರಲ್ಲಿ ಮಿನಿಯಾಪೊಲಿಸ್‌ನಲ್ಲಿ 'ಕ್ರಿಸ್ಟಲ್ ಕ್ವಿಲ್ಟ್' ಎಂಬ ಪ್ರದರ್ಶನ ಮಾಡಿದಾಗ 60 ದಾಟಿದ 430 ಹೆಂಗಸರು ಒಂದು ವ್ಯಾಪಾರ ಮಳಿಗೆಯ ಅಂಗಳದಲ್ಲಿ ಮೇಜುಗಳ ಸುತ್ತ ಕುಳಿತಿದ್ದರು. ಮುದಿತನದ ಬಗ್ಗೆ, ಇನ್ನೂ ಏನು ಮಾಡಬಲ್ಲೆವು ಎಂಬುದರ ಬಗ್ಗೆ ತಮ್ಮತಮ್ಮಲ್ಲೇ ಮಾತನಾಡಿಕೊಂಡರು. ಸಂಕೇತ ಬಂದಾಗ ಎಲ್ಲರೂ ಮೇಜಿನ ಮೇಲಿನ ಕೈಗಳ ಭಂಗಿ ಬದಲಿಸುತ್ತಿದ್ದರು, ಮೇಲಿನ ಅಂತಸ್ತಿನಿಂದ ನೋಡುವವರಿಗೆ ಇಡೀ ವಿನ್ಯಾಸ ಬದಲಾಗುತ್ತಿತ್ತು. ಧ್ವನಿಮುದ್ರಿತ ಮಾತುಗಳೂ ಕೇಳಿಸುತ್ತಿದ್ದವು. ಅದಕ್ಕೂ ಮುಂಚೆ ವರ್ಷಗಟ್ಟಲೆ ತಯಾರಿ, ತರಬೇತಿ ನಡೆದಿತ್ತು. ಮೈಕ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದಲ್ಲ. ಸಿಟ್ಟು ಹೊರಬರಲು ಅಷ್ಟು ಕಾಲ ಬೇಕು.

ಹಗಲುಪಾಳಿ
ಎಲ್ಲರಿಗೂ ನಮಸ್ಕಾರ. ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕಲಾವಿದೆಯ ಜೊತೆ ಕುಳಿತೆ. ಮನೆಯವರಲ್ಲಿ ಕೆಲವರೂ ಬಂದಿದ್ದರು. ಸಂಜೆಯೇ ಯಾಕೆ ಎಂದರೆ, ಬೆಳಗಿನ ಹೊತ್ತು ಬಿಟ್ಟರೆ ಹಗಲಿನಲ್ಲಿ ಕಲಾವಿದೆಗೆ ಬೇರೆ ಉದ್ಯೋಗವಿದೆ. ನಮ್ಮವರಿಗೆ ಸಂಜೆ ಎಂದರೇನು ಎಂಬುದು ಅವರಿಗೆ ತಿಳಿದಿರಲಿಲ್ಲ. ಚಿಲಕದ ಕಥೆಯನ್ನು ಆ ಹೆಂಗಸೇ ಮತ್ತೊಮ್ಮೆ ಹೇಳಿದರು.

ಆಯವ್ಯಯದ ಹಾಳೆ ತೋರಿಸಿದರು. ದಾರ, ಬಟ್ಟೆ, ಸಾಗಣೆ, ಮುದ್ರಿತ ಕಿರುಹೊತ್ತಗೆ, ಉದ್ಘಾಟನೆಯ ದಿನದ ಉಪಚಾರ ಎಲ್ಲಕ್ಕೂ ಹಣವಿದೆ. ಬದಲಿಯಾಗಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಒಂದು ಸಾಲೂ ಇಲ್ಲ. ಕಿರುಹೊತ್ತಗೆಯನ್ನು ಬಿಟ್ಟು ಆ ಹಣವನ್ನು ಬದಲಿ ಆರೈಕೆಗೆ ಕೊಡಬಹುದೇ ಎಂದು ಕೇಳಿದೆವು. ಅನುದಾನ ಕೊಟ್ಟವರನ್ನು ಕೇಳಿ ಹೇಳುತ್ತೇನೆ ಎಂದರು. ಅಲ್ಲಿಯವರೆಗೆ ಮನೆಯವರ ಗುಂಪನ್ನು ಕೇಂದ್ರ ತೆರೆದಿರುವ ಹೊತ್ತಿಗೇ, ಪಕ್ಕದ ಕೋಣೆಯಲ್ಲೇ ಕೂರಿಸುವುದೆಂದು ಮಾತಾಗಿದೆ. ಅದಕ್ಕಾಗಿ ಕಲಾವಿದೆ ವಾರಕ್ಕೊಂದು ಅರ್ಧ ದಿನ ರಜೆ ಹಾಕುತ್ತಾರಂತೆ.

ಹೆಸರುಗಳು ಒಟ್ಟಿಗೆ, ಅಕಾರಾದಿಯಲ್ಲಿ. ಬೇಡವೆಂದವರ ಹೆಸರಿಲ್ಲ. ಸಿಟ್ಟಿನ ಬಗ್ಗೆಯೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ತಾನು ತಂದ ಹೂಬಳ್ಳಿಯ ನಕ್ಷೆ ಬೇಡ ಎಂದರು.

ಮೂರನೆಸಾಲು
ಹೂಬಳ್ಳಿ ಹೋಯಿತೇ? ಈಗ ನೋಡಲು ಬರುತ್ತೇನೆ.

ನೂಲುಂಡೆ
ಸೂಜಿ?

ಹಗಲುಪಾಳಿ
ಸೂಜಿ ಎಣಿಸುವ ಹೊಣೆ ನನ್ನದು.

ಕರಡುಪ್ರತಿ
ಎಲ್ಲ ಸರಿ, ತೀರಿಕೊಂಡವರ ಧ್ವನಿಯ ವಿಷಯ ಏನಾಯಿತು? ಬಾಯಿಮಾತಿನಲ್ಲಿ ಬಿಡಬೇಡಿ.

ಹಗಲುಪಾಳಿ
ಅದೊಂದು ತೀರ್ಮಾನವಾಗಿಲ್ಲ. ತೆಗೆಯುತ್ತೇನೆ ಎಂದು ಅವರು ಹೇಳಿದರು, ಬೇಡ ಇಟ್ಟುಕೊಳ್ಳಿ ಎಂದು ಮನೆಯವರಲ್ಲಿ ಇಬ್ಬರು ಹೇಳಿದರು. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬರೆದುಕೊಡುವಂತೆ ಒಂದು ನಮೂನೆ ಸಿದ್ಧಪಡಿಸಿಕೊಡುತ್ತೀರಾ?

ಕರಡುಪ್ರತಿ
ನಾಳೆ ಹಾಕುತ್ತೇನೆ.